ಬ್ರಿಜ್ ಕೂಗಿನಲ್ಲಿ ಸಂಕೇತ ಯಾವುದು, ಮೋಸ ಯಾವುದು?

ಬ್ರಿಜ್ ಪಂದ್ಯ ನಡೆದ ಕಡೆ ಒಂದು ತಕರಾರು ಏಳುವುದುಂಟು: “ಅವರಿಬ್ಬರೂ ಮೊದಲೇ ಮಾತಾಡಿಕೊಂಡು ಕೂಗಿದರು, ಇದು ಮೋಸ.” ಇದರಿಂದ ಹಳೆಯ ಸ್ನೇಹಗಳೂ ಕೆಡುವುದರಿಂದ ಸದಸ್ಯ ಬಾಂಧವರ ತಿಳಿವಳಿಕೆಗಾಗಿ ನಿಯಮವನ್ನು ವಿವರಿಸುತ್ತೇವೆ.

ಮೊದಲೇ ಮಾತಾಡಿಕೊಳ್ಳುವುದು ತಪ್ಪಲ್ಲ. ಅದನ್ನು ಎದುರಾಳಿಗಳಿಂದ ಮುಚ್ಚಿಡುವುದು ತಪ್ಪು. ಜೊತೆಗಾರ ‘ಒಂದು ನೋ ಟ್ರಂಪ್’ ಎಂದಾಗ ‘ಎರಡು ಕಳಾವರ’ ಎಂದವನ ಕೈಯಲ್ಲಿ ಕಳಾವರ ಇರಬೇಕೆಂದಿಲ್ಲ. ‘ನಿನ್ನಲ್ಲಿ ನಾಲ್ಕು ಇಸ್ಪೀಟಾಗಲಿ ಆಟೀನಾಗಲಿ ಇವೆಯೇ?’ ಎಂಬುದು ಅದರ ಅರ್ಥ. ಇದೇ ಸ್ಟೇಮನ್ ಸಂಕೇತ. ಬ್ರಿಜ್ ಆಡುವ ದೇಶಗಳಲ್ಲೆಲ್ಲ ಬಳಕೆಯಲ್ಲಿದೆ.

2017ರ ಅಂತರರಾಷ್ಟ್ರೀಯ ನಿಯಮಾವಳಿಯ 40ನೆಯ ನಿಯಮದಂತೆ, ಜೋಡಿಯ ಒಪ್ಪಂದಗಳು ಆಟಕ್ಕೆ ಮೊದಲೇ ಎದುರಾಳಿಗಳಿಗೆ ತಿಳಿಯುವಂತಿರಬೇಕು. ಸಂಕೇತಗಳ ಕಾರ್ಡು ಇರುವುದು ಅದಕ್ಕೇ. ಕೂಗಿನ ಅರ್ಥವನ್ನು ಎದುರಾಳಿ ಕೇಳಿದರೆ ಕೂಗಿದವನಲ್ಲ, ಅವನ ಜೊತೆಗಾರ ಹೇಳಬೇಕು. ಎದುರಾಳಿಯನ್ನು ದಾರಿ ತಪ್ಪಿಸಲು ಕೈಯಲ್ಲಿಲ್ಲದ್ದನ್ನು ಕೂಗಲೂಬಹುದು. ಆದರೆ ಅದರ ಸುಳಿವು ಜೊತೆಗಾರನಿಗೆ ಎದುರಾಳಿಗಿಂತ ಹೆಚ್ಚಾಗಿ ಇರಕೂಡದು. ಇದ್ದರೆ ಅದು ಗುಪ್ತ ಒಪ್ಪಂದವೇ. ದನಿ, ಹಾವಭಾವ, ಬೇಕೆಂದೇ ತಡಮಾಡುವುದು, ಇವುಗಳಿಂದ ಸುದ್ದಿ ಮುಟ್ಟಿಸುವುದು 73ನೆಯ ನಿಯಮದಂತೆ ನಿಷಿದ್ಧ.

ಹಾಗೆಂದು ಎಲ್ಲ ಸಂಕೇತಗಳೂ ಎಲ್ಲ ಪಂದ್ಯಗಳಲ್ಲಿ ನಡೆಯವು. ಬಲವಾದ ಎಲೆಗಳಿದ್ದೂ ಮೊದಲಿಗೇ ‘ಪಾಸ್’ ಅನ್ನುವ ಪದ್ಧತಿಯಂಥವನ್ನು ವ್ಯವಸ್ಥಾಪಕರು ತಡೆಯಬಹುದು. ಪಂದ್ಯಕ್ಕೆ ಹೆಸರು ಕೊಡುವಾಗಲೇ ಇದನ್ನು ಕೇಳಿಕೊಳ್ಳಿರಿ.

ಅಡಿಕೆ ಟೆಂಡರಿನಲ್ಲಿ ಖರೀದಿದಾರರು ಗುಟ್ಟಾಗಿ ದರ ಗೊತ್ತುಮಾಡಿಕೊಂಡರೆ ಯಾರಿಗೆ ನಷ್ಟವೆಂದು ನಮಗೆ ಹೇಳಬೇಕಾಗಿಲ್ಲ. ಬ್ರಿಜ್ ಕೂಗೂ ಒಂದು ಹರಾಜೇ. ಸಂಶಯ ಬಂದರೆ ಜಗಳ ಬೇಡ. ಪಂದ್ಯದ ನಿರ್ದೇಶಕರನ್ನು ಕರೆಯಿರಿ. ತಪ್ಪು ವಿವರಣೆಯಿಂದ ನಷ್ಟವಾಗಿದ್ದರೆ ಅಂಕ ಸರಿಪಡಿಸುವ ಅಧಿಕಾರ ಅವರಿಗಿದೆ.