ಎರಡು ಗೋಡೆಗಳ ನಡುವಣ ಆಕಾಶ

ಮಂಡ್ಯದಲ್ಲಾಗಲಿ, ಮದ್ದೂರು ಮಳವಳ್ಳಿಗಳಲ್ಲಾಗಲಿ ಹೊಸದಾಗಿ ಮನೆ ಕಟ್ಟಲು ಹೊರಟವರ ಬಾಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: "ಹಣ ಕೊಟ್ಟು ಕೊಂಡ ಸೈಟಿನಲ್ಲಿ ಸುತ್ತಲೂ ಜಾಗವನ್ನೇಕೆ ಬಿಡಬೇಕು?" ಪ್ರಶ್ನೆ ನ್ಯಾಯವಾದುದೇ. ಮೂವತ್ತು ನಲವತ್ತು ಅಡಿಯ ಸೈಟನ್ನು ಸುಮಾರು 9 ಮೀಟರು ಅಗಲ, 12 ಮೀಟರು ಉದ್ದವೆಂದು ಇಟ್ಟುಕೊಳ್ಳೋಣ. ಎರಡು ಪಕ್ಕಗಳಲ್ಲಿ ಒಂದೊಂದು ಮೀಟರು ಬಿಟ್ಟರೆ 108 ಚದರ ಮೀಟರಿನಲ್ಲಿ 24 ಹೋದಂತಾಯಿತು. ಐದರಲ್ಲೊಂದು ಪಾಲಿಗಿಂತಲೂ ಹೆಚ್ಚು. ಇಷ್ಟು ತೆತ್ತು ಪಡೆಯುವುದೇನು? ಮಂಜೂರಾದ ನಕ್ಷೆಯಲ್ಲಿ ಅಳತೆಗಳಿರುತ್ತವೆ, ಕಾರಣವಿರುವುದಿಲ್ಲ. ಕಾರಣವನ್ನು ಭೌತವಿಜ್ಞಾನದಲ್ಲಿ ಹುಡುಕಬೇಕು.

ನಮ್ಮ ಸೀಮೆಯ ಹಳೆಯ ಬೀದಿಗಳಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡೇ ನಿಂತಿದ್ದವಲ್ಲವೆ, ಆಗ ಯಾರು ಜಾಗ ಬಿಡುತ್ತಿದ್ದರು ಎಂದು ಕೆಲವರು ವಾದಿಸುವುದುಂಟು. ನಿಜ, ಪಕ್ಕದಲ್ಲಿ ಬಿಡುತ್ತಿರಲಿಲ್ಲ, ನಡುವೆ ಬಿಡುತ್ತಿದ್ದರು. ತೊಟ್ಟಿ ಮನೆಯ ತೊಟ್ಟಿ ಎಂಬುದು ಆಕಾಶಕ್ಕೆ ತೆರೆದ ಕಿಟಕಿಯೇ. ಬೆಳಕು ಅದರ ಮೂಲಕ ಇಳಿಯುತ್ತಿತ್ತು, ಬಿಸಿಯಾಗಿ ಹಗುರವಾದ ಗಾಳಿ ಅದೇ ದಾರಿಯಲ್ಲಿ ಮೇಲೇರುತ್ತಿತ್ತು. ಇಂದಿನ ಮನೆಯಲ್ಲಿ ತೊಟ್ಟಿಯ ಮೇಲೆ ಕಾಂಕ್ರೀಟು ತಾರಸಿ ಬಂದಿದೆ, ಅದರ ಮೇಲೆ ಮತ್ತೊಂದು ಅಂತಸ್ತು ಬಂದಿದೆ. ತೊಟ್ಟಿ ಮಾಡುತ್ತಿದ್ದ ಕೆಲಸವೆಲ್ಲ ಪಕ್ಕದ ಕಿರಿದಾದ ಓಣಿಯ ಪಾಲಿಗೆ ಬಿದ್ದಿದೆ. ತೊಟ್ಟಿಯನ್ನೂ ಮುಚ್ಚಿ ಪಕ್ಕವನ್ನೂ ಮುಚ್ಚಿದರೆ ಬೆಳಕಿಗೆ ದಾರಿ ಎಲ್ಲಿ?

ಲೆಕ್ಕ ಹಾಕಿ ನೋಡೋಣ. ನೆಲ ಅಂತಸ್ತಿನ ಒಂದು ಕಿಟಕಿ. ಎದುರಿಗೆ ನೆರೆಮನೆಯ ಉದ್ದನೆಯ ಗೋಡೆ. ಕಿಟಕಿಯ ನಡುಮಟ್ಟದಿಂದ ಅದರ ಎತ್ತರ 9 ಮೀಟರು. ಆಕಾಶವೆಲ್ಲ ಒಂದೇ ಸಮನಾಗಿ ಬೆಳಗುತ್ತಿದೆಯೆಂದೂ, ಗೋಡೆಯಿಂದ ಪ್ರತಿಫಲಿಸಿ ಬರುವ ಬೆಳಕನ್ನು ಸದ್ಯಕ್ಕೆ ಬಿಟ್ಟಿದ್ದೇವೆಂದೂ ತಿಳಿಯಿರಿ. ಕಿಟಕಿಯಿಂದ ಆ ಗೋಡೆಯ ತುದಿಗೆ ಎಳೆದ ರೇಖೆಯು ಸಮತಲದೊಡನೆ ಮಾಡುವ ಕೋನದ ಸೈನನ್ನು 1ರಿಂದ ಕಳೆದರೆ, ಗೋಡೆಯೇ ಇಲ್ಲದಿದ್ದಾಗ ಬರುತ್ತಿದ್ದ ಬೆಳಕಿನಲ್ಲಿ ಎಷ್ಟು ಭಾಗ ಉಳಿಯಿತೆಂಬುದು ದೊರೆಯುತ್ತದೆ.

ಇಬ್ಬರೂ ಒಂದೊಂದು ಮೀಟರು ಬಿಟ್ಟು ಗೋಡೆಗಳ ನಡುವೆ 2 ಮೀಟರಿದ್ದರೆ ಉಳಿಯುವುದು ಶೇಕಡಾ 2.4. ಇದೇ ಎಷ್ಟು ಅಲ್ಪವೆಂದು ಓದುಗರಿಗೆ ಅನ್ನಿಸಬಹುದು. ಇಬ್ಬರೂ ಎರಡೆರಡು ಮೀಟರು ಬಿಟ್ಟರೆ ಅದು ಶೇಕಡಾ 8.6 ಆಗುತ್ತದೆ: ಜಾಗ ಎರಡರಷ್ಟಾದರೆ ಬೆಳಕು ಮೂರೂವರೆಯಷ್ಟಕ್ಕಿಂತ ಹೆಚ್ಚು. ಇನ್ನು ಒಬ್ಬನು ಬಿಟ್ಟು ಮತ್ತೊಬ್ಬನು ಗಡಿಯವರೆಗೂ ಗೋಡೆ ತಂದನೆನ್ನಿ. ಉಳಿಯುವುದು ಶೇಕಡಾ 0.6 ಮಾತ್ರ, ನಾಲ್ಕರಲ್ಲೊಂದು ಪಾಲು. ನಿಯಮವನ್ನು ಪಾಲಿಸಿದವನ ಮಕ್ಕಳು ನಡುಹಗಲಿನಲ್ಲಿ ದೀಪ ಹಚ್ಚಿ ಓದಬೇಕಾಗುತ್ತದೆ. ಓಣಿಯ ಗೋಡೆಗೆ ಸುಣ್ಣ ಬಳಿದರೆ ಸ್ವಲ್ಪ ಬೆಳಕು ಪುಟಿದು ಬರುವುದು ನಿಜ. ಅದು ಅಗ್ಗದ ಉಪಾಯವೂ ಹೌದು; ಆದರೆ ಬಾರದ ಬೆಳಕನ್ನು ಸುಣ್ಣವು ಪ್ರತಿಫಲಿಸಲಾರದು.

ಇಂತಹ ನಿಯಮಗಳು ಇಂಗ್ಲೆಂಡಿನಲ್ಲಿ ಮೊದಲು ಬಿಗಿಯಾದುದು ಬೆಂಕಿಯ ದೆಸೆಯಿಂದ. 1666ರ ಮಹಾ ಅಗ್ನಿಕಾಂಡದ ಮರುವರ್ಷವೇ ಲಂಡನ್ನಿನ ಮನೆಗಳ ಹೊರಗೋಡೆಗಳು ಇಟ್ಟಿಗೆಯದೋ ಕಲ್ಲಿನದೋ ಆಗಿರಬೇಕೆಂದು ಶಾಸನವಾಯಿತು. 1875ರ ಸಾರ್ವಜನಿಕ ಆರೋಗ್ಯ ಕಾಯಿದೆ, ಕಟ್ಟಡಗಳ ಸುತ್ತ ಗಾಳಿಯಾಡಲು ಜಾಗ ಬಿಡಿಸುವ ಉಪವಿಧಿಗಳನ್ನು ಮಾಡಲು ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ಕೊಟ್ಟಿತು. 1947ರ ಕಾಯಿದೆಯಿಂದ, ಕಟ್ಟುವುದಕ್ಕೆ ಮುಂಚೆ ಯೋಜನಾ ಅನುಮತಿ ಪಡೆಯಬೇಕೆಂಬುದು ಇಡೀ ದೇಶಕ್ಕೆ ಸಾಮಾನ್ಯ ನಿಯಮವಾಯಿತು. ಅಲ್ಲಿ ಇಂದಿಗೂ ಎರಡು ಪ್ರಶ್ನೆಗಳು ಬೇರೆ ಬೇರೆ: ಈ ಸ್ಥಳದಲ್ಲಿ ಈ ಕಟ್ಟಡ ಬೇಕೆ ಎಂಬುದೊಂದು, ಕಟ್ಟಿದ್ದು ಗಟ್ಟಿಯಾಗಿಯೂ ಆರೋಗ್ಯಕರವಾಗಿಯೂ ಇರುವುದೆ ಎಂಬುದಿನ್ನೊಂದು. ನಮ್ಮಲ್ಲಿಯೂ ಹಾಗೆಯೇ. ನಾಲೆಯ ನೀರುಂಡ ಗದ್ದೆಯಲ್ಲಿ ಮನೆಗಳೇಳಬಹುದೆ ಎಂಬುದನ್ನು 1964ರ ಭೂಕಂದಾಯ ಕಾಯಿದೆಯೂ, 1965ರ ಜನವರಿ 15ರಂದು ಜಾರಿಗೆ ಬಂದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯೂ ಕೇಳುತ್ತವೆ. ಮನೆಯ ನಕ್ಷೆಯನ್ನು ಪೌರಸಂಸ್ಥೆಗಳ ಕಾಯಿದೆ ಕೇಳುತ್ತದೆ.

ಆದರೆ ಇಂಗ್ಲೆಂಡಿನ ಅಳತೆಗಳನ್ನು ಹಾಗೆಯೇ ಇಲ್ಲಿಗೆ ತರಲಾಗದು. ಡಿಸೆಂಬರ್ 22ರ ಸುಮಾರಿಗೆ ಮಂಡ್ಯದ ನಡುಹಗಲಿನ ಸೂರ್ಯ ದಕ್ಷಿಣ ದಿಗಂತದಿಂದ 54 ಡಿಗ್ರಿ ಮೇಲಿರುತ್ತಾನೆ; ಲಂಡನ್ನಿನಲ್ಲಿ ಕೇವಲ 15 ಡಿಗ್ರಿ. ಹತ್ತು ಮೀಟರು ಎತ್ತರದ ಮನೆಯ ನೆರಳು ಇಲ್ಲಿ 7.3 ಮೀಟರು, ಅಲ್ಲಿ 37 ಮೀಟರು! ಅಲ್ಲಿನವರು ಬಿಸಿಲನ್ನು ಬಯಸುತ್ತಾರೆ. ನಮಗೆ ಬೇಕಾದುದು ಬಿಸಿಲಿಲ್ಲದ ಬೆಳಕು, ಅಂದರೆ ಆಕಾಶದ ಬೆಳಕು, ಮತ್ತು ಗಾಳಿ. 1970ರಲ್ಲಿ ಮೊದಲು ಪ್ರಕಟವಾದ ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಕಿಟಕಿಯ ಅಳತೆಯನ್ನು ಹವೆಗೆ ತಕ್ಕಂತೆ ಹೇಳುತ್ತದೆ: ಒಣ ಸೆಕೆಯ ಸೀಮೆಯಲ್ಲಿ ಕೋಣೆಯ ನೆಲದ ಹತ್ತರಲ್ಲೊಂದು ಪಾಲು, ತೇವದ ಸೆಕೆಯ ಸೀಮೆಯಲ್ಲಿ ಆರರಲ್ಲೊಂದು. ಆದರೆ ಎದುರುಗೋಡೆ ಮೂಗಿಗೆ ತಾಗುವಂತಿದ್ದರೆ ಕಿಟಕಿ ಎಷ್ಟು ದೊಡ್ಡದಾದರೇನು?

ನಮ್ಮ ರಾಜ್ಯ 2007ರಲ್ಲಿ ಯೋಜನಾ ಕಾಯಿದೆಗೆ ಒಂದು ತಿದ್ದುಪಡಿ ತಂದಿತು. ವಾಸದ ಮನೆಗಳಲ್ಲಿ ಬಿಡಬೇಕಾದ ಜಾಗದ ಉಲ್ಲಂಘನೆ ಶೇಕಡಾ 50ನ್ನು ಮೀರದಿದ್ದರೆ ಶುಲ್ಕ ಪಡೆದು ಸಕ್ರಮಗೊಳಿಸಬಹುದೆಂದು ಅದರ ಆಶಯ. ಜನರು 'ಅಕ್ರಮ–ಸಕ್ರಮ' ಎಂದು ಕರೆದ ಈ ಯೋಜನೆಗೆ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆ ನೀಡಿತು. ನ್ಯಾಯದ ಚರ್ಚೆ ನ್ಯಾಯವಾದಿಗಳಿಗಿರಲಿ. ನಮ್ಮ ಲೆಕ್ಕದಂತೆ, ನೆರೆಯವರಿಬ್ಬರೂ ಅರ್ಧರ್ಧ ಮೀಟರು ಒತ್ತಿದರೆ ನಡುವೆ ಉಳಿಯುವುದು 1 ಮೀಟರು, ಬೆಳಕು ಅದೇ ಶೇಕಡಾ 0.6. ಶುಲ್ಕ ಹೋಗುವುದು ಬೊಕ್ಕಸಕ್ಕೆ. ಕತ್ತಲೆ ಉಳಿಯುವುದು ಮನೆಯಲ್ಲಿ.

ವಿದ್ಯಾರ್ಥಿಗಳು ಇದನ್ನು ತಾವೇ ಅಳೆಯಬಹುದು. ಡಿಸೆಂಬರ್ 22ರಂದು ಮಧ್ಯಾಹ್ನ 12 ಗಂಟೆ 21 ನಿಮಿಷದ ಸುಮಾರಿಗೆ ಒಂದು ಮೀಟರಿನ ಕೋಲನ್ನು ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿ; ನೆರಳು ಉತ್ತರಕ್ಕೆ 73 ಸೆಂಟಿಮೀಟರು ಬೀಳಬೇಕು. ಅದೇ ಗಳಿಗೆಯಲ್ಲಿ ಎದುರುಮನೆಯ ನೆರಳಿನ ಉದ್ದವನ್ನು ಉತ್ತರಕ್ಕೆ ಅಳೆದು 0.73ರಿಂದ ಭಾಗಿಸಿದರೆ ಮನೆಯ ಎತ್ತರ ಬಂತು. ಓಣಿಯ ಅಗಲಕ್ಕೆ ಟೇಪು ಸಾಕು. ಉಳಿದುದು ಒಂದು ಸೈನ್ ಕೋಷ್ಟಕದ ಕೆಲಸ.