ನೋಟಿಸ್ ಯಾರ ಹೆಸರಿಗೆ?

2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ರಾಜ್ಯದಲ್ಲಿ ವೆಬ್‌ಕಾಸ್ಟಿಂಗ್ ಬಂತು. ಕೊಠಡಿಗಳಲ್ಲಿ ನಡೆಯುವುದನ್ನು ಅಧಿಕಾರಿಗಳು ಕೂತಲ್ಲಿಂದಲೇ ನೋಡುವಂತಾಯಿತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಆ ಸಲ ಶೇ 73.40ಕ್ಕೆ ಇಳಿಯಿತು. ಕೃಪಾಂಕದ ನಿಯಮ ಸಡಿಲಿಸಿ, ಧಾರಾಳವಾಗಿ ಅಂಕ ಸೇರಿಸಿದ ಮೇಲೂ ಬಂದ ಫಲಿತಾಂಶ ಅದು. ಮರುವರ್ಷ ಆ ಧಾರಾಳವನ್ನು ನಿಲ್ಲಿಸಿದಾಗ ಪರೀಕ್ಷೆ-1ರಲ್ಲಿ ಪಾಸಾದವರು ಶೇ 62.34.

ಎರಡೇ ವರ್ಷದಲ್ಲಿ ನಮ್ಮ ಮಕ್ಕಳು ದಡ್ಡರಾಗಲಿಲ್ಲ. ಕಲಿಕೆ ಮೊದಲೂ ಇಷ್ಟೇ ಇತ್ತು, ನಮಗೆ ಕಾಣುತ್ತಿರಲಿಲ್ಲ. ಕಂಡ ಕೂಡಲೇ ಹೊಣೆ ಯಾರದೆಂಬ ಹುಡುಕಾಟ ಶುರುವಾಗುತ್ತದೆ, ಮುಖ್ಯಶಿಕ್ಷಕರ ಮೇಜಿಗೆ ನೋಟಿಸ್ ಬರುತ್ತದೆ. ಅವರು ವಿಷಯ ಶಿಕ್ಷಕರ ಕಡೆ ತಿರುಗುತ್ತಾರೆ. ಗಣಿತದ ಮೇಷ್ಟ್ರು, ‘ಭಾಗಾಕಾರವೇ ಬಾರದ ಮಗುವನ್ನು ಎಂಟನೇ ಕ್ಲಾಸಿಗೆ ಕಳಿಸಿದ್ದಾರೆ, ನಾನು ಬೀಜಗಣಿತ ಎಲ್ಲಿಂದ ಶುರು ಮಾಡಲಿ?’ ಎಂದು ಪ್ರೈಮರಿಯ ಕಡೆ ಕೈ ತೋರಿಸುತ್ತಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. 2024ರ ‘ಅಸರ್’ ಸಮೀಕ್ಷೆಯ ಪ್ರಕಾರ, ದೇಶದ ಗ್ರಾಮೀಣ ಭಾಗದಲ್ಲಿ ಮೂರನೇ ತರಗತಿಯ ನೂರು ಮಕ್ಕಳಲ್ಲಿ ಎರಡನೇ ತರಗತಿಯ ಪಾಠವನ್ನು ಓದಬಲ್ಲವರು 27 ಮಂದಿ.

ಹಾಗಾದರೆ ಪ್ರೈಮರಿ ಶಾಲೆಯೊಳಗೇ ಹೋಗಿ ನೋಡೋಣ.

ಒಂದರಿಂದ ಐದನೇ ತರಗತಿಯವರೆಗಿನ ಕಿರಿಯ ಪ್ರಾಥಮಿಕ ಶಾಲೆ, ಇಬ್ಬರು ಶಿಕ್ಷಕರು. ಒಬ್ಬರಿಗೆ ತಾಲ್ಲೂಕು ಕೇಂದ್ರದಲ್ಲಿ ತರಬೇತಿ. ಉಳಿದವರು ಬಂದ ತಕ್ಷಣ ಹಾಲಿನ ಪುಡಿ ಅಳೆದು ಕೊಡಬೇಕು, ಪ್ರಾರ್ಥನೆ ಮುಗಿಸಬೇಕು, ಹಾಜರಾತಿಯನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಅಷ್ಟರಲ್ಲಿ ವಾಟ್ಸ್‌ಆ್ಯಪ್ ಗುಂಪಿಗೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ (ಸಿಆರ್‌ಪಿ) ಸಂದೇಶ ಬರುತ್ತದೆ: ಇಂತಿಂಥ ಮಾಹಿತಿ ಸಂಜೆಯೊಳಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ತಲುಪಬೇಕು, ‘ಅತಿ ಜರೂರು’. ಮೊಟ್ಟೆಯ ಲೆಕ್ಕ ಇನ್ನೂ ಬಾಕಿ. ಒಂದು ಮೊಟ್ಟೆಗೆ ಸರ್ಕಾರ ನಿಗದಿ ಮಾಡಿದ್ದು 6 ರೂಪಾಯಿ. ಬೇಯಿಸುವ ಖರ್ಚು, ಸುಲಿಯುವ ಕೂಲಿ, ಸಾಗಣೆ ಎಲ್ಲ ಅದರಲ್ಲೇ. ಪೇಟೆಯಲ್ಲಿ ಬರೀ ಮೊಟ್ಟೆಯ ಬೆಲೆಯೇ ಅದನ್ನು ದಾಟಿದ ದಿನ ಉಳಿದ ಹಣವನ್ನು ಮೇಷ್ಟ್ರು ಜೇಬಿನಿಂದ ಹಾಕುತ್ತಾರೆ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು, ಅದಕ್ಕೆ ಬೇರೆ ದಾಖಲೆ. ಈ ಊಟ, ಹಾಲು, ಮೊಟ್ಟೆ ಎಲ್ಲವೂ ಮಕ್ಕಳಿಗೆ ಬೇಕೇ ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಲೆಕ್ಕವನ್ನು ಪಾಠ ಮಾಡುವವರೇ ಬರೆಯಬೇಕೆಂದು ಯಾವ ಶಿಕ್ಷಣ ತಜ್ಞರೂ ಹೇಳಿಲ್ಲ.

ಈ ನಡುವೆ ನಲಿ-ಕಲಿ ಕೊಠಡಿಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾಯುತ್ತಿರುತ್ತಾರೆ. ತೊಂಬತ್ತರ ದಶಕದಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ರಿಷಿವ್ಯಾಲಿ ಶಾಲೆಯನ್ನು ನೋಡಿಬಂದು, ತಾವೇ ಕೂತು ಕಾರ್ಡುಗಳನ್ನು ಬರೆದು ಕಟ್ಟಿದ ಪದ್ಧತಿ ಅದು. ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕಾ ಏಣಿಯನ್ನು ಹತ್ತುತ್ತದೆ. ಮಕ್ಕಳು ತಮ್ಮ ಹಂತಕ್ಕೆ ತಕ್ಕಂತೆ ‘ತಟ್ಟೆ’ ಎಂಬ ಬೇರೆ ಬೇರೆ ಗುಂಪುಗಳಲ್ಲಿ ಕೂರುತ್ತಾರೆ. ಶಿಕ್ಷಕರ ಪೂರ್ಣ ನೆರವು ಬೇಕಾದವರು ಒಂದು ತಟ್ಟೆ, ಗೆಳೆಯರ ನೆರವಿನಿಂದ ಕಲಿಯುವವರು ಮತ್ತೊಂದು. ನಮ್ಮ ನೆಲದ ಶಿಕ್ಷಕರ ಕೈಯಿಂದ ಬಂದ ಇಂಥ ಒಳ್ಳೆಯ ಕೆಲಸ ಕರ್ನಾಟಕದ ಶಿಕ್ಷಣದಲ್ಲಿ ಹೆಚ್ಚಿಲ್ಲವೆಂದೇ ನನ್ನ ನಂಬಿಕೆ. ಅದನ್ನು 2009-10ರ ಹೊತ್ತಿಗೆ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೂ ಹರಡಿದರು. ಪದ್ಧತಿ ಹೋಯಿತು, ಜೊತೆಗೆ ಹೋಗಬೇಕಾಗಿದ್ದ ಶಿಕ್ಷಕರು ಹೋಗಲಿಲ್ಲ. ಮೊದಲ ತಟ್ಟೆಯ ಪಕ್ಕ ನೆಲದ ಮೇಲೆ ಕೂತಿರಬೇಕಾದವರು ಮೊಟ್ಟೆ ಲೆಕ್ಕದಲ್ಲಿದ್ದರೆ ಏಣಿಯ ಕೆಳಗಿನ ಮೆಟ್ಟಿಲಲ್ಲಿರುವ ಮಗು ಅಲ್ಲೇ ಉಳಿಯುತ್ತದೆ. ಐದಾರು ವರ್ಷದ ಬಳಿಕ ಹೈಸ್ಕೂಲಿನ ಗಣಿತದ ಮೇಷ್ಟ್ರ ಮುಂದೆ ಬಂದು ನಿಲ್ಲುವುದು ಅದೇ ಮಗು.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಗೆ ಇದೆಲ್ಲ ಗೊತ್ತಿತ್ತು. ಒಂದು ಶಾಲೆಯ ಮಂಜೂರಾದ ಹುದ್ದೆಗಳಲ್ಲಿ ಶೇ 10ಕ್ಕಿಂತ ಹೆಚ್ಚು ಖಾಲಿ ಇರಕೂಡದು ಎನ್ನುತ್ತದೆ ಅದರ 26ನೇ ಸೆಕ್ಷನ್. ನಮ್ಮ ರಾಜ್ಯದಲ್ಲಿ ವರ್ಷ ವರ್ಷವೂ ಹತ್ತಾರು ಸಾವಿರ ಅತಿಥಿ ಶಿಕ್ಷಕರನ್ನು ತೆಗೆದುಕೊಂಡೇ ಶಾಲೆ ನಡೆಸುತ್ತಿದ್ದೇವೆ. 2025-26ರ ಬಜೆಟ್ಟಿನಲ್ಲಿ 2,000 ರೂಪಾಯಿ ಏರಿಸಿದ ಮೇಲೂ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ ಸಿಗುವುದು 12,000. ಬೇಸಿಗೆ ರಜೆಗೆ ಅದೂ ಇಲ್ಲ. ಬಿ.ಎಡ್, ಡಿ.ಎಡ್ ಮಾಡಿದವರನ್ನು ಹೀಗೆ ದುಡಿಸಿಕೊಂಡು ಅವರಿಂದ ಗುಣಮಟ್ಟ ಕೇಳುವ ನೈತಿಕ ಹಕ್ಕು ಯಾವ ಸರ್ಕಾರಕ್ಕೂ ಇಲ್ಲ.

ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ 27ನೇ ಸೆಕ್ಷನ್. ಆದರೂ 2025ರ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಆ್ಯಪ್ ಹಿಡಿದು ಮನೆ ಮನೆ ಸುತ್ತಿದವರು ಬಹುಪಾಲು ಶಿಕ್ಷಕರೇ. ದಸರಾ ರಜೆಯೊಳಗೆ ಕೆಲಸ ಮುಗಿಯಲಿಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ಸಮೀಕ್ಷೆಯ ಅಗತ್ಯದ ಬಗ್ಗೆ ನನ್ನ ತಕರಾರಿಲ್ಲ. ಹಿಂದುಳಿದವರ ಲೆಕ್ಕ ನಾಡಿಗೆ ಬೇಕು. ಆದರೆ ಆ ಲೆಕ್ಕಕ್ಕಾಗಿ ಬಾಗಿಲು ಹಾಕಿದ ಶಾಲೆಗಳಲ್ಲಿ ಓದುವ ಮಕ್ಕಳು ಹೆಚ್ಚಾಗಿ ಅದೇ ಹಿಂದುಳಿದವರ ಮನೆಯವರು. ಅದೇ ದಿನಗಳಲ್ಲಿ ಅನುದಾನರಹಿತ ಖಾಸಗಿ ಶಾಲೆಗಳು ಎಂದಿನಂತೆ ನಡೆಯುತ್ತಿದ್ದವು.

ಇದಕ್ಕೆಲ್ಲ ಪೋಷಕರ ನಿರ್ಲಕ್ಷ್ಯವೇ ಕಾರಣ ಎನ್ನುವವರು 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿಯನ್ನು ನೋಡಬೇಕು. ಉಡುಪಿ ಶೇ 94, ಯಾದಗಿರಿ ಶೇ 50.59. ಯಾದಗಿರಿಯ ತಂದೆ ತಾಯಿಗೆ ಮಕ್ಕಳ ಮೇಲೆ ಅರ್ಧದಷ್ಟೇ ಅಕ್ಕರೆ ಇದೆಯೇ? ಸುಗ್ಗಿ ಮುಗಿದ ಮೇಲೆ ಊರಲ್ಲಿ ಕೂಲಿ ಇಲ್ಲದೆ ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೋಗುವ ಕುಟುಂಬ ಮಗುವನ್ನು ಯಾರ ಬಳಿ ಬಿಟ್ಟು ಹೋಗಬೇಕು? ಅವರನ್ನು ಹೊಣೆಗಾರರ ಪಟ್ಟಿಯಲ್ಲಿ ನಿಲ್ಲಿಸುವುದು ಅನ್ಯಾಯ.

ಶಿಕ್ಷಕರು ಪೂರ್ತಿ ನಿರ್ದೋಷಿಗಳೆಂದೂ ನಾನು ವಾದಿಸುವುದಿಲ್ಲ. ಸಂಬಳ ಶಾಲೆಯಲ್ಲಿ, ಮನಸ್ಸು ಸೈಟು ವ್ಯವಹಾರದಲ್ಲಿ ಇಟ್ಟವರು ಇದ್ದಾರೆ. ವರ್ಗಾವಣೆಗೆ, ಪಿಂಚಣಿಗೆ ಬೀದಿಗಿಳಿಯುವ ಸಂಘಗಳು ನಮ್ಮ ಮಕ್ಕಳಿಗೆ ಓದಲು ಬರುತ್ತಿಲ್ಲ ಎಂಬ ಕಾರಣಕ್ಕೆ ಒಂದು ದಿನ ಧರಣಿ ಕೂತಿದ್ದನ್ನು ನಾನು ಕಂಡಿಲ್ಲ. ಅವರು ಕೂರಬೇಕಿತ್ತು.

ಇನ್ನು ಉಳಿದವರು ನಾವು, ಓದಿಕೊಂಡವರು. ಮಕ್ಕಳನ್ನು ಹಳದಿ ವ್ಯಾನು ಹತ್ತಿಸಿ ಸರ್ಕಾರಿ ಶಾಲೆಯಿಂದ ಹೊರಬಂದೆವು. ಬರುವಾಗ ಅಧಿಕಾರಿಯನ್ನು ಪ್ರಶ್ನಿಸಬಲ್ಲ, ಅರ್ಜಿ ಬರೆಯಬಲ್ಲ ದನಿಯನ್ನೂ ಜೊತೆಗೇ ತಂದೆವು. ನೆರೆಹೊರೆಯ ಶಾಲೆಯಲ್ಲಿ ಎಲ್ಲ ವರ್ಗದ ಮಕ್ಕಳೂ ಕೂಡಿ ಓದಬೇಕೆಂದು 1966ರಲ್ಲೇ ಕೊಠಾರಿ ಆಯೋಗ ಹೇಳಿತ್ತು. ಅಧಿಕಾರಿಗಳ, ಜನಪ್ರತಿನಿಧಿಗಳ ಮಕ್ಕಳು ಸರ್ಕಾರಿ ಶಾಲೆಗೇ ಹೋಗಬೇಕೆಂದು 2015ರಲ್ಲಿ ಅಲಹಾಬಾದ್ ಹೈಕೋರ್ಟ್ ಉತ್ತರ ಪ್ರದೇಶಕ್ಕೆ ಆದೇಶಿಸಿತು. ಅದು ಜಾರಿಯಾಗಲೇ ಇಲ್ಲ.

ಹಾಗಾಗಿ ಮೊದಲ ನೋಟಿಸ್ ಹೋಗಬೇಕಾದದ್ದು ಹುದ್ದೆ ಖಾಲಿ ಇಟ್ಟವರಿಗೆ, ಇರುವ ಶಿಕ್ಷಕರನ್ನು ತರಗತಿಯಿಂದ ಹೊರಗೆ ಕರೆದವರಿಗೆ. ಅದನ್ನು ಕೊಡುವ ಅಧಿಕಾರ ಇಲಾಖೆಯ ಯಾರಿಗೂ ಇಲ್ಲ, ಮತದಾರರಿಗೆ ಮಾತ್ರ ಇದೆ. ನಿಮ್ಮ ಮಕ್ಕಳು ಎಲ್ಲೇ ಓದುತ್ತಿರಲಿ, ನಿಮ್ಮ ಊರಿನ ಮುಂದಿನ ಗ್ರಾಮಸಭೆಗೆ ಹೋಗಿ. ನಗರದಲ್ಲಿದ್ದರೆ ಶಾಸಕರ ಕಚೇರಿಗೆ ಹೋಗಿ. ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಎಷ್ಟು ಹುದ್ದೆ ಖಾಲಿ ಇವೆ, ಕಳೆದ ವರ್ಷ ಶಿಕ್ಷಕರನ್ನು ಎಷ್ಟು ದಿನ ಬೇರೆ ಕೆಲಸಕ್ಕೆ ಕಳಿಸಿದಿರಿ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.