ನುಸಿಗೆ ಸುಲಭಕ್ಕೆ ಬಗ್ಗದ ಗೋವಿನಜೋಳ

ಹಾವೇರಿ, ಗದಗ, ಬೆಳಗಾವಿ ಕಡೆಯಿಂದ ಸಾಂಗೆಗೆ ದುಡಿಯಲು ಬಂದವರ ಮನೆಗಳಲ್ಲಿ ಊರಿನ ಕಾಳಿನ ಚೀಲ ಒಂದಾದರೂ ಇರುತ್ತದೆ. ಹೆಚ್ಚಾಗಿ ಬಿಳಿಜೋಳ, ಕೆಲವರಲ್ಲಿ ಗೋವಿನಜೋಳ (ಮೈಸೂರು ಕಡೆಯವರು ಮುಸುಕಿನ ಜೋಳ ಅಂತ ಓದಿಕೊಳ್ಳಿ). ಬೇಸಿಗೆಯಲ್ಲಿ ಗಟ್ಟಿಮುಟ್ಟಾಗಿದ್ದ ಕಾಳು ಇಲ್ಲಿಯ ಮಳೆಗಾಲದಲ್ಲಿ ಹಿಟ್ಟಾಗಿ ಉದುರುತ್ತದೆ. ಘಟ್ಟದ ಬುಡದ ಗಾಳಿಯಿಂದ ಕಾಳು ತೇವ ಹೀರುತ್ತದೆ, ಶೇ. 12ರ ಆಸುಪಾಸಿನ ತೇವಾಂಶ 14-15ಕ್ಕೆ ಏರಿದರೆ ನುಸಿಗೆ ಹಬ್ಬ.

ಆಗ ಕೆಲವರು ಚೀಲದೊಳಗೆ "ಗುಳಿಗೆ" ಇಡುತ್ತಾರೆ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ವಿಷಾನಿಲ ಹೊರಬರುತ್ತದೆ. ಗೋದಾಮಿನಲ್ಲಿ ತರಬೇತಿ ಪಡೆದವರು ಬಳಸಬೇಕಾದ ವಸ್ತು ಅದು. ಐದು ಜನ ಮಲಗುವ ಒಂದೇ ಕೋಣೆಯಲ್ಲಿ ಇಟ್ಟರೆ ಸಾಯುವುದು ನುಸಿ ಮಾತ್ರ ಅಲ್ಲ. ಪಾಠ ಯಾವುದೇ ಇರಲಿ, ಈ ಮಾತನ್ನು ಮಕ್ಕಳಿಗೆ ಮೊದಲು ಹೇಳಿಬಿಡಿ.

ಔಷಧಿಯೇ ಬೇಡ, ಕಾಳು ತನ್ನನ್ನು ತಾನೇ ಕಾಯ್ದುಕೊಳ್ಳುವಂತೆ ತಳಿ ಬೆಳೆಸಬಹುದಾ? ಬಹುದು, ಒಂದು ಮಿತಿಯವರೆಗೆ.

ಮೊದಲು ಶತ್ರುವಿನ ಪರಿಚಯ. ನಾವು ನುಸಿ ಅನ್ನುವ ಹುಳುಗಳಲ್ಲಿ ಮುಖ್ಯವಾದದ್ದು ಸೊಂಡಿಲು ಹುಳು, ಸೈಟೋಫಿಲಸ್ ಕುಲದ್ದು. ಹೆಣ್ಣು ತನ್ನ ಮೂತಿಯಿಂದ ಕಾಳಿಗೆ ಸಣ್ಣ ತೂತು ಕೊರೆದು, ಒಳಗೆ ಒಂದು ಮೊಟ್ಟೆ ಇಟ್ಟು, ಅಂಟು ದ್ರವದಿಂದ ಮುಚ್ಚಿಬಿಡುತ್ತದೆ. ಹೊರಗಿಂದ ನೋಡಿದರೆ ಕಾಳು ಚೆಂದ. ಮರಿ ಒಳಗೇ ತಿಂದು, ಒಳಗೇ ಕೋಶವಾಗಿ, ಸೆಕೆಯ ದಿನಗಳಲ್ಲಿ ಸುಮಾರು ಐದು ವಾರಕ್ಕೆ ಹುಳುವಾಗಿ ಹೊರಬರುತ್ತದೆ. ನಮಗೆ ತೂತು ಕಾಣುವುದು ಆವಾಗ. ಅಂದರೆ ಇಡೀ ಯುದ್ಧ ಕಾಳಿನ ಸಿಪ್ಪೆಯಲ್ಲೇ ನಡೆಯಬೇಕು. ಮೂತಿ ಒಳಗೆ ಹೋದ ಮೇಲೆ ಮರಿಗೆ ಮನೆಯೂ ಅದೇ, ಊಟವೂ ಅದೇ.

ನಿರೋಧಕ ತಳಿಯ ಕಾಳು ವಿಷದ ಕಾಳು ಅಲ್ಲ. ಅದರ ಸಿಪ್ಪೆಯಲ್ಲಿ ಫೆರುಲಿಕ್ ಆಮ್ಲದಂಥ ಫೀನಾಲಿಕ್ ವಸ್ತುಗಳು ಹೆಚ್ಚಿರುತ್ತವೆ. ಇವು ಎರಡೆರಡಾಗಿ ಕೂಡಿಕೊಂಡು ಕೋಶಭಿತ್ತಿಯ ಎಳೆಗಳ ನಡುವೆ ಸೇತುವೆ ಕಟ್ಟುತ್ತವೆ; ಬುಟ್ಟಿ ಹೆಣೆದ ಮೇಲೆ ಎಳೆಗಳನ್ನು ಅಲ್ಲಲ್ಲಿ ಬಿಗಿದು ಕಟ್ಟಿದ ಹಾಗೆ. ಭಿತ್ತಿ ಗಟ್ಟಿಯಾಗಿ ಹುಳುವಿನ ದವಡೆ ಸೋಲುತ್ತದೆ. ಸಿಪ್ಪೆಯ ದಪ್ಪ, ಕಾಳಿನ ಗಡಸುತನ ಇದಕ್ಕೆ ಜೊತೆ. ಇನ್ನೊಂದು ಕಾವಲು ಹೊಲದಲ್ಲೇ ಇದೆ: ತೆನೆಯ ತುದಿಯವರೆಗೂ ಬಿಗಿಯಾಗಿ ಮುಚ್ಚಿದ ರವದಿ. ನುಸಿ ಹೊಲದಲ್ಲೇ ತೆನೆಗೆ ಹತ್ತುವುದುಂಟು. ತುದಿ ತೆರೆದಿದ್ದರೆ ಅದಕ್ಕೆ ಬಾಗಿಲು ತೆರೆದಂತೆ. ಇಳುವರಿ ಒಂದನ್ನೇ ನೋಡಿ ತಳಿ ಆರಿಸಿದಾಗ ಈ ಗುಣ ಕೈತಪ್ಪುತ್ತದೆ.

ಹತ್ತನೇ ತರಗತಿಯ ಅನುವಂಶೀಯತೆ ಪಾಠಕ್ಕೆ ಇಲ್ಲೊಂದು ಒಳ್ಳೆಯ ಉದಾಹರಣೆ ಇದೆ. ಕಾಳಿನ ಹೊರಸಿಪ್ಪೆ ಅಂಡಾಶಯದ ಗೋಡೆಯಿಂದ ಆದದ್ದು, ಅಂದರೆ ಪೂರ್ತಿ ತಾಯಿ ಗಿಡದ್ದು. ಭ್ರೂಣದಲ್ಲಿ ತಂದೆ-ತಾಯಿ ಸಮಪಾಲು. ಹಿಟ್ಟಿನ ಭಾಗವಾದ ಭ್ರೂಣಪೋಷದಲ್ಲಿ ತಾಯಿಯದು ಎರಡು ಪಾಲು, ತಂದೆಯದು ಒಂದು. ಹಾಗಾಗಿ ಗಟ್ಟಿ ಸಿಪ್ಪೆಯ ಗಿಡದ ಪರಾಗವನ್ನು ಮೆತ್ತನೆ ಸಿಪ್ಪೆಯ ಗಿಡಕ್ಕೆ ಹಾಕಿದರೆ ಆ ವರ್ಷದ ಕಾಳಿನ ಸಿಪ್ಪೆ ಮೆತ್ತಗೇ ಇರುತ್ತದೆ. ಆ ಕಾಳು ಬಿತ್ತಿ, ಅದು ಗಿಡವಾಗಿ ತೆನೆ ಬಿಟ್ಟ ಮೇಲೆಯೇ ತಂದೆಯ ಗುಣ ಸಿಪ್ಪೆಯಲ್ಲಿ ಕಾಣಬಹುದು. ತಳಿ ಬೆಳೆಸುವವರು ಒಂದು ತಲೆಮಾರು ಕಾಯಲೇಬೇಕು.

ಇದು ಬರೀ ಪುಸ್ತಕದ ಮಾತಲ್ಲ. ಮಧ್ಯ ಅಮೆರಿಕ ಮೂಲದ ದೊಡ್ಡ ಕಾಳು ಕೊರಕ ಹುಳು 1970ರ ದಶಕದ ಕೊನೆಗೆ ಟಾಂಜಾನಿಯಾ ಹೊಕ್ಕಿತು. ಅಲ್ಲಿಂದ ಪೂರ್ವ ಆಫ್ರಿಕದ ರೈತರ ಕಣಜಗಳು ಪುಡಿಪುಡಿ. ಮೆಕ್ಸಿಕೋದಲ್ಲಿ ಕೇಂದ್ರವಿರುವ ಸಿಮ್ಮಿಟ್ ಸಂಸ್ಥೆ ಮತ್ತು ಕೀನ್ಯಾದ ಕೃಷಿ ಸಂಶೋಧನಾ ಸಂಸ್ಥೆ ಸೇರಿ ಕಿಬೊಕೊ ಎಂಬಲ್ಲಿ ಪರೀಕ್ಷೆ ನಡೆಸಿದವು. ನಿರೋಧಕ ಗುಣ ಸಿಕ್ಕಿದ್ದು ಸಿಮ್ಮಿಟ್‌ನ ಬೀಜ ಭಂಡಾರದಲ್ಲಿ ಕಾಪಿಟ್ಟಿದ್ದ ಕೆರಿಬಿಯನ್ ದ್ವೀಪಗಳ ನಾಡತಳಿಗಳಲ್ಲಿ. ಪರೀಕ್ಷೆ ಮಾತ್ರ ತೀರಾ ಸರಳ: ಗಾಜಿನ ಬಾಟಲಿಯಲ್ಲಿ ಕಾಳು, ಅದರಲ್ಲಿ ಹುಳು, 90 ದಿನ ಕಾಯುವುದು, ಆಮೇಲೆ ಹಿಟ್ಟು ಎಷ್ಟು, ಕಾಳು ಎಷ್ಟು ಉಳಿಯಿತು ಅಂತ ತೂಗುವುದು.

"ನಿರೋಧಕ" ಅಂದರೆ ಹುಳು ಹತ್ತುವುದೇ ಇಲ್ಲ ಅಂತ ತಿಳಿಯಬಾರದು. ಹುಟ್ಟುವ ಮರಿಗಳು ಕಡಿಮೆ, ಬೆಳೆಯಲು ದಿನ ಜಾಸ್ತಿ, ಅಷ್ಟೇ. 1974ರಲ್ಲಿ ಡೋಬಿ ಎಂಬ ವಿಜ್ಞಾನಿ ರೂಪಿಸಿದ ಸೂಚ್ಯಂಕ ಇವೆರಡನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಅಷ್ಟೇ ಅಂದೆ, ಆದರೆ ಹಲಗೆಯ ಮೇಲೆ ಒಂದು ಕಾಲ್ಪನಿಕ ಲೆಕ್ಕ ಮಾಡಿ ನೋಡಿ. 10 ಹುಳು, 35 ದಿನಕ್ಕೊಮ್ಮೆ ಹತ್ತು ಪಟ್ಟಾದರೆ 105 ದಿನಕ್ಕೆ 10,000. ಪೀಳಿಗೆಗೆ 45 ದಿನ ಹಿಡಿದು ಐದೇ ಪಟ್ಟಾದರೆ ಅಷ್ಟೇ ದಿನಕ್ಕೆ ಎರಡೇ ಪೀಳಿಗೆ: 250. ಮಳೆಗಾಲ ದಾಟಿಸಲು ಇಷ್ಟು ಸಾಕಾಗಬಹುದು, ಕಾಳು ಚೆನ್ನಾಗಿ ಒಣಗಿಸಿ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟಿದ್ದರೆ.

ತೊಡಕೂ ಇದೆ. 1964ರಲ್ಲಿ ಅಮೆರಿಕದಲ್ಲಿ ಓಪೇಕ್-2 ಎಂಬ ಜೀನ್ ಇರುವ ಗೋವಿನಜೋಳದಲ್ಲಿ ಲೈಸಿನ್ ಹೆಚ್ಚಿದೆ ಅಂತ ಗೊತ್ತಾಯಿತು. ಬಡವರ ಮಕ್ಕಳಿಗೆ ವರವಾಗಬೇಕಿದ್ದ ಕಾಳು, ಆದರೆ ಮೆತ್ತಗೆ, ಸುಣ್ಣದಂತೆ; ನುಸಿಗೂ ಅದೇ ಇಷ್ಟ. ಅದನ್ನು ಮತ್ತೆ ಗಟ್ಟಿ ಮಾಡಲು ಸುರಿಂದರ್ ವಾಸಲ್ ಮತ್ತು ಇವಾಂಜೆಲಿನಾ ವಿಲೇಗಾಸ್ ದಶಕಗಳ ಕಾಲ ದುಡಿದರು. 2000ದಲ್ಲಿ ಇಬ್ಬರಿಗೂ ವಿಶ್ವ ಆಹಾರ ಪ್ರಶಸ್ತಿ ಬಂತು.

ನಮ್ಮ ಕಡೆ ಹೇಳುವುದಾದರೆ, ತುಮಕೂರು ಜಿಲ್ಲೆಯ ಕುಣಿಗಲ್‌ನಲ್ಲಿ ಸಿಮ್ಮಿಟ್ ಮತ್ತು ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಸೇರಿ 2021ರಲ್ಲಿ ಒಂದು ಕೇಂದ್ರ ಆರಂಭಿಸಿವೆ. ಆರೇಳು ಪೀಳಿಗೆ ಹಿಡಿಯುವ ಶುದ್ಧ ಸಾಲುಗಳನ್ನು ಅಲ್ಲಿ ಎರಡೇ ಪೀಳಿಗೆಯಲ್ಲಿ ಪಡೆಯುತ್ತಾರೆ. ಅದು ನುಸಿಗಾಗಿಯೇ ಕಟ್ಟಿದ್ದಲ್ಲ. ಆದರೂ ಮಾರುವ ಬೀಜದ ಚೀಟಿಯ ಮೇಲೆ ಇಳುವರಿಯ ಜೊತೆ "ಸಂಗ್ರಹಣೆಯಲ್ಲಿ ಎಷ್ಟು ಬಾಳಿಕೆ" ಅಂತಲೂ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಶಾಲೆಯಲ್ಲಿ ಮಾಡಲು: ಮಕ್ಕಳು ರಜೆಗೆ ಊರಿಗೆ ಹೋದಾಗ ಎರಡು-ಮೂರು ಬಗೆಯ ಕಾಳು ತರಿಸಿ. ಒಳಗೆ ಅಡಗಿದ ಮೊಟ್ಟೆ ಸಾಯಲು ಒಂದೆರಡು ವಾರ ಫ್ರೀಜರ್‌ನಲ್ಲಿಡಿ. ಆಮೇಲೆ ಎಲ್ಲವನ್ನೂ ಒಂದೇ ಕೋಣೆಯಲ್ಲಿ ಎರಡು ವಾರ ಬಿಡಿ, ತೇವಾಂಶದಲ್ಲಿ ಹೆಚ್ಚು ವ್ಯತ್ಯಾಸ ಉಳಿಯದಿರಲಿ. ಒಂದೊಂದು ಬಾಟಲಿಗೆ 50 ಗ್ರಾಂ ಕಾಳು, 20 ಹುಳು, ಬಾಯಿಗೆ ದಟ್ಟ ಬಟ್ಟೆ. ಪ್ರತಿ ಬಗೆಗೆ ಮೂರು ಬಾಟಲಿ, ಜೊತೆಗೆ ಹುಳು ಹಾಕದ ಒಂದು. ಹತ್ತು ದಿನದ ಮೇಲೆ ದೊಡ್ಡ ಹುಳುಗಳನ್ನು ಜರಡಿ ಹಿಡಿದು ತೆಗೆಯಿರಿ. 25ನೇ ದಿನದಿಂದ ಹೊರಬಂದ ಹೊಸ ಹುಳುಗಳನ್ನು ದಿನಾ ಎಣಿಸಿ, ತೆಗೆದು, ಪಟ್ಟಿ ಮಾಡಿ. ಮುಗಿದ ಮೇಲೆ ಬಾಟಲಿಗಳು ಮತ್ತೆ ಫ್ರೀಜರ್‌ಗೆ. ಬಿಸಿಯೂಟದ ಕೋಣೆಯ ಹತ್ತಿರ ಮಾತ್ರ ಒಯ್ಯಬೇಡಿ.